ಸಿಬಿಸಿ ಚೀಟಿಯಲ್ಲಿ ಕಣ್ಣುತಪ್ಪುವ ಸಾಲು

ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರಲ್ಲಿ ಯಾರು ಬೇಗ ಚೇತರಿಸಿಕೊಳ್ಳುತ್ತಾರೆ, ಯಾರ ಜೀವಕ್ಕೆ ಅಪಾಯ ಹೆಚ್ಚು ಎಂದು ಮೊದಲ ದಿನವೇ ಅಂದಾಜು ಮಾಡಲು ವೈದ್ಯರ ಬಳಿ ಕರ್ಬ್-65 ಎಂಬ ಅಂಕಪಟ್ಟಿಯಿದೆ. ಮನಸ್ಸಿನ ಗೊಂದಲ, ರಕ್ತದ ಯೂರಿಯಾ, ಉಸಿರಾಟದ ವೇಗ, ರಕ್ತದೊತ್ತಡ, 65 ಮುಟ್ಟಿದ ವಯಸ್ಸು, ಇಷ್ಟೇ ಅದರ ಲೆಕ್ಕ. ಬಳಸಲು ಸುಲಭ, ಬಹಳ ಮಟ್ಟಿಗೆ ನಂಬಬಹುದು ಕೂಡ. ಆದರೆ ಅದು ಅಳೆಯುವುದು ಸೋಂಕು ಈಗಾಗಲೇ ಮಾಡಿರುವ ಹಾನಿಯನ್ನು; ರೋಗಿಯ ಪ್ರತಿರೋಧ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನಲ್ಲ. ಆ ಸುಳಿವು ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡುವ ಸಿಬಿಸಿ ರಕ್ತಪರೀಕ್ಷೆಯಲ್ಲೇ ಇರುತ್ತದೆ, ಬಿಳಿ ರಕ್ತಕಣಗಳ ವಿಂಗಡಣೆಯ ಸಾಲಿನಲ್ಲಿ.

ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದಾಗ ಮೊದಲು ಧಾವಿಸುವುದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು. ಅಸ್ಥಿಮಜ್ಜೆ ಅವನ್ನು ರಾಶಿರಾಶಿಯಾಗಿ ಹೊರಬಿಡುತ್ತದೆ. ಇದೇ ಹೊತ್ತಿಗೆ ಕಾಯಿಲೆಯ ಒತ್ತಡಕ್ಕೆ ಏರುವ ಕಾರ್ಟಿಸಾಲ್ ಹಾರ್ಮೋನು ಇನ್ನೊಂದು ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳನ್ನು ರಕ್ತದಿಂದ ಹಿಂದೆ ಸರಿಸುತ್ತದೆ. ಒಂದಷ್ಟು ಸೋಂಕಿನ ಜಾಗಕ್ಕೆ ಹೋಗುತ್ತವೆ, ಮತ್ತೊಂದಷ್ಟು ಸಾಯುತ್ತವೆ. ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1,000ಕ್ಕಿಂತ ಹೆಚ್ಚು ಲಿಂಫೋಸೈಟ್‌ಗಳಿರಬೇಕು. 2017ರಲ್ಲಿ ಸ್ಪೇನ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಇದು 724ಕ್ಕಿಂತ ಕೆಳಗಿಳಿದ ನ್ಯುಮೋನಿಯಾ ರೋಗಿಗಳಿಗೆ ಸಾವಿನ ಅಪಾಯ ಸುಮಾರು ಎರಡು ಪಟ್ಟಾಗಿತ್ತು, ಅದೂ ಕರ್ಬ್-65 ಅಂಕವನ್ನು ಗಣನೆಗೆ ತೆಗೆದುಕೊಂಡ ಮೇಲೆ. ಕೋವಿಡ್ ಕಾಲದಲ್ಲೂ ತೀವ್ರವಾಗಿ ಬಳಲಿದವರಲ್ಲಿ ಇದೇ ಕುಸಿತ ಮತ್ತೆ ಮತ್ತೆ ಕಂಡಿತು.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಟೈಫಾಯ್ಡ್, ಎಚ್‌ಐವಿ, ಅಪೌಷ್ಟಿಕತೆಯಲ್ಲೂ ಲಿಂಫೋಸೈಟ್ ಇಳಿಯುತ್ತದೆ. ಸ್ಟೀರಾಯ್ಡ್ ಕೊಟ್ಟರಂತೂ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಕುಸಿದು ಚಿತ್ರವೇ ಕಲಸಿಹೋಗುತ್ತದೆ. ಹಾಗಾಗಿ ಒಂದೇ ದಿನದ ಸಂಖ್ಯೆಗೆ ತೀರ್ಪಿನ ಬೆಲೆ ಕೊಡಬಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಔಷಧ ಶುರುವಾಗಿ ಮೂರು ದಿನವಾದರೂ ಸಂಖ್ಯೆ ಮೇಲೇಳದಿದ್ದರೆ, ಅದಕ್ಕೆ ಸ್ಟೀರಾಯ್ಡ್‌ನಂಥ ಬೇರೆ ಕಾರಣವೂ ಸಿಗದಿದ್ದರೆ, ಅದನ್ನು ಅಲಕ್ಷಿಸಲು ನೆಪವೇನು? ‘ಗೊತ್ತಾಗಿ ಪ್ರಯೋಜನವೇನು, ಲಿಂಫೋಸೈಟ್ ಏರಿಸುವ ಔಷಧವಿಲ್ಲವಲ್ಲ’ ಎನ್ನುವವರೂ ಇದ್ದಾರೆ. ನಿಜ. ಆದರೆ ಯಾರನ್ನು ವಾರ್ಡ್‌ನಲ್ಲಿ ಬಿಡಬೇಕು, ಯಾರ ಆಮ್ಲಜನಕವನ್ನು ಗಂಟೆಗಂಟೆಗೆ ನೋಡಬೇಕು, ಯಾರನ್ನು ದೊಡ್ಡ ಆಸ್ಪತ್ರೆಗೆ ಬೇಗ ಕಳಿಸಬೇಕು ಎಂಬ ನಿರ್ಧಾರಗಳೂ ಚಿಕಿತ್ಸೆಯೇ.

ಇದಕ್ಕಿಂತ ಸೂಕ್ಷ್ಮವಾದ ಗುರುತೂ ಉಂಟು: ಮಾನೋಸೈಟ್ ಎಂಬ ಬಿಳಿ ಕಣದ ಮೇಲಿನ ಎಚ್‌ಎಲ್‌ಎ-ಡಿಆರ್. ಬೇರೆ ಕಣಗಳಿಗೆ ರೋಗಾಣುವಿನ ತುಣುಕನ್ನು ತೋರಿಸುವ ಈ ಪ್ರೋಟೀನ್ ದಿನಗಟ್ಟಲೆ ಕಡಿಮೆಯೇ ಉಳಿದರೆ ಪ್ರತಿರಕ್ಷೆ ಮಂಕಾಗಿದೆ ಎಂದೇ ಅರ್ಥ. ಅಂಥವರಿಗೆ ಆಸ್ಪತ್ರೆಯಲ್ಲೇ ಎರಡನೆಯ ಸೋಂಕು ತಗಲುವ ಭಯ ಹೆಚ್ಚು. ಆದರೆ ಅದನ್ನು ಅಳೆಯಲು ಫ್ಲೋ ಸೈಟೋಮೀಟರ್ ಬೇಕು, ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಪರೀಕ್ಷೆ ಮುಗಿಯಬೇಕು. ಅದು ಎಲ್ಲೆಡೆ ಸಿಗುವವರೆಗೆ ಮೊದಲ ದಿನದ ಮತ್ತು ಮೂರನೆಯ ದಿನದ ಸಿಬಿಸಿಗಳನ್ನು ಅಕ್ಕಪಕ್ಕ ಇಟ್ಟು ಓದಲು ಹೊಸ ಯಂತ್ರವೇನೂ ಬೇಕಿಲ್ಲ.