ಬೀಸುಕಲ್ಲಿನ ಗೂಟ, ದೊಡ್ಡ ಗಾಲಿಯ ಕ್ರ್ಯಾಂಕು

ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸಿದವರಿಗೆ ಇದು ಗೊತ್ತಿರುತ್ತದೆ. ಗೂಟ ಕಲ್ಲಿನ ಅಂಚಿನಲ್ಲಿದ್ದರೆ ಕಲ್ಲು ಹಗುರವಾಗಿ ತಿರುಗುತ್ತದೆ, ಆದರೆ ಕೈ ದೊಡ್ಡ ಸುತ್ತು ಹಾಕಬೇಕು. ಗೂಟ ನಡುವಿಗೆ ಸರಿದಷ್ಟೂ ಸುತ್ತು ಚಿಕ್ಕದಾಗುತ್ತದೆ, ರಟ್ಟೆ ಸೋಲುತ್ತದೆ. ಎತ್ತು ಕಟ್ಟಿ ಕಬ್ಬು ಅರೆಯುತ್ತಿದ್ದ ಕಾಲದಲ್ಲಿ ಗಾಣಕ್ಕೆ ಅಷ್ಟು ಉದ್ದದ ತೊಲೆ ಇರುತ್ತಿದ್ದುದೂ ಇದೇ ಲೆಕ್ಕದಿಂದ. ಬಲ ಉಳಿಸಬೇಕೆಂದರೆ ದೂರ ತೆರಬೇಕು, ದೂರ ಉಳಿಸಬೇಕೆಂದರೆ ಬಲ ತೆರಬೇಕು. ಎರಡನ್ನೂ ಒಟ್ಟಿಗೆ ಉಳಿಸಿಕೊಡುವ ಯಂತ್ರ ಇಲ್ಲ.

ಸೈಕಲ್ಲಿನಲ್ಲಿ ಆ ಗೂಟದ ಜಾಗದಲ್ಲಿ ಪೆಡಲ್ ಇದೆ. ಅಚ್ಚಿನಿಂದ ಪೆಡಲ್‌ವರೆಗೆ ಚಾಚಿದ ಕಬ್ಬಿಣದ ತೋಳೇ ಕ್ರ್ಯಾಂಕು. ಜಗಳೂರು, ಚನ್ನಗಿರಿ ಕಡೆ ಹಳ್ಳಿಯ ಮಕ್ಕಳು ಅಪ್ಪನ ಇಪ್ಪತ್ತೆಂಟು ಇಂಚಿನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತದ್ದನ್ನು ನೆನೆಸಿಕೊಳ್ಳಿ. ಬಾರಿನ ಕೆಳಗೆ ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ ವಾಲಿಸಿ, ಪೆಡಲ್ಲನ್ನು ಪೂರ್ತಿ ಸುತ್ತು ತಿರುಗಿಸದೆ ಅರ್ಧ ತುಳಿದು ಹಿಂದಕ್ಕೆ ಬಿಡುತ್ತಿದ್ದರು. ದೊಡ್ಡವರ ಅಳತೆಯ ಕ್ರ್ಯಾಂಕು ಕೆಳಗಿಳಿದಾಗ ಪುಟ್ಟ ಕಾಲಿಗೆ ಎಟುಕುತ್ತಿರಲಿಲ್ಲ. ಎಟುಕಿದಷ್ಟು ಭಾಗದಲ್ಲೇ ಕೆಲಸ ಮುಗಿಸುವ ಉಪಾಯ ಅದು. ಹಿಂದಕ್ಕೆ ತಿರುಗಿದಾಗ ಗಾಲಿಯನ್ನು ಅದರ ಪಾಡಿಗೆ ಓಡಲು ಬಿಡುವ ಫ್ರೀವೀಲ್ ಇದ್ದದ್ದರಿಂದ ಅದು ಸಾಧ್ಯವಾಯಿತು.

ಈಗ ಆ ಸೈಕಲ್ಲಿನಿಂದ ಮುಂದಿನ ಗಾಲಿ, ಹ್ಯಾಂಡಲ್, ಚೈನು, ಫ್ರೀವೀಲ್ ಎಲ್ಲವನ್ನೂ ಕಳಚಿಬಿಡಿ. ಒಂದು ಗಾಲಿ, ಅದರ ಅಚ್ಚಿಗೇ ಕಚ್ಚಿಕೊಂಡ ಎರಡು ಕ್ರ್ಯಾಂಕು, ಮೇಲೊಂದು ಸೀಟು ಉಳಿಯುತ್ತದೆ. ನಮ್ಮಲ್ಲಿ ಬಹಳ ಜನ ಇದನ್ನು ನೋಡಿರುವುದು ಸರ್ಕಸ್ಸಿನ ಡೇರೆಯಲ್ಲಿ, ಚಿಕ್ಕ ಗಾಲಿಯ ರೂಪದಲ್ಲಿ. ದೂರದ ರಸ್ತೆಗೆ ಬಳಸುವ ಒಂಟಿಗಾಲಿ ಸೈಕಲ್ಲಿಗೆ 36 ಇಂಚಿನ ಗಾಲಿ ಇರುತ್ತದೆ. ಎಡ್ ಪ್ರ್ಯಾಟ್ ಎಂಬ ಇಂಗ್ಲೆಂಡಿನ ಯುವಕ 2015ರಲ್ಲಿ ಹೊರಟು 2018ರಲ್ಲಿ ಊರಿಗೆ ಮರಳಿ ಲೋಕ ಸುತ್ತಿದ್ದು ಇಂಥದ್ದರಲ್ಲೇ.

ಇದಕ್ಕೂ ಹಿರಿಯಣ್ಣ ಒಬ್ಬನಿದ್ದಾನೆ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಓಡಾಡಿದ, ಮುಂದೆ ಆಳೆತ್ತರದ ಗಾಲಿ, ಹಿಂದೆ ಅಂಗೈಯಗಲದಂತೆ ಕಾಣುವ ಗಾಲಿ ಇದ್ದ ಪೆನ್ನಿ ಫಾರ್ದಿಂಗ್. ಅದಕ್ಕೂ ಚೈನು ಇರಲಿಲ್ಲ. ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ವೇಗ ಬೇಕೆಂದರೆ ಗಾಲಿಯನ್ನೇ ದೊಡ್ಡದು ಮಾಡಬೇಕು, ಅದರ ಮಿತಿ ಸವಾರನ ಕಾಲಿನ ಉದ್ದ. ಥಾಮಸ್ ಸ್ಟೀವನ್ಸ್ 50 ಇಂಚು ಗಾಲಿಯ ಇಂಥ ಗಾಡಿಯಲ್ಲಿ 1884ರಿಂದ 1887ರ ನಡುವೆ ಭೂಮಿ ಸುತ್ತಿದ, 1886ರಲ್ಲಿ ಲಾಹೋರಿನ ಕಡೆಯಿಂದ ಕಲ್ಕತ್ತಾದವರೆಗೆ ನಮ್ಮ ನೆಲದ ಮೇಲೂ ಹಾದುಹೋದ. ಚೈನು ಬಂದ ಮೇಲೆ ಆ ಎತ್ತರದ ಗಾಲಿ ಬೇಡವಾಯಿತು. ಆದರೂ ಸೈಕಲ್ಲಿನ ಗೇರನ್ನು ಇಂಚಿನಲ್ಲಿ ಅಳೆಯುವ ರೂಢಿ ಅದರಿಂದಲೇ ಉಳಿದುಕೊಂಡಿತು.

ಚೈನಿಲ್ಲದ ಗಾಡಿಯಲ್ಲಿ ಗಾಲಿಯ ಅಳತೆ ಒಮ್ಮೆ ತೀರ್ಮಾನವಾದ ಮೇಲೆ ಸವಾರನ ಕೈಯಲ್ಲಿ ಉಳಿಯುವುದು ಕ್ರ್ಯಾಂಕಿನ ಉದ್ದ ಒಂದೇ. ಅದೇ ಅವನ ಗೇರು. 36 ಇಂಚಿನ ಗಾಲಿಯ ಅರ್ಧವ್ಯಾಸ ಸುಮಾರು 457 ಮಿಲಿಮೀಟರ್. 150 ಮಿ.ಮೀ. ಕ್ರ್ಯಾಂಕು ಹಾಕಿದರೆ ಅದು ಅರ್ಧವ್ಯಾಸದ ಮೂರರಲ್ಲಿ ಒಂದು ಪಾಲು, ಅಂದರೆ 0.33. 125 ಹಾಕಿದರೆ 0.27. 100 ಹಾಕಿದರೆ 0.22. ನಾನು ಇದನ್ನು 'ತೋಳಿನ ಪಾಲು' ಎನ್ನುತ್ತೇನೆ. ಗಾಲಿ ಒಂದು ಮೀಟರ್ ಓಡುವಾಗ ಪಾದ ಎಷ್ಟು ಮೀಟರ್ ಓಡುತ್ತದೆ ಎಂಬುದನ್ನೂ ಈ ಸಂಖ್ಯೆಯೇ ಹೇಳುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಈ ಗಾಲಿ ನಿಮಿಷಕ್ಕೆ 116 ಸುತ್ತು ತಿರುಗುತ್ತದೆ, ಕಾಲೂ ಅಷ್ಟೇ ಸುತ್ತು ತಿರುಗಬೇಕು. 150ರ ಕ್ರ್ಯಾಂಕಿನಲ್ಲಿ ಪಾದ ನಿಮಿಷಕ್ಕೆ 109 ಮೀಟರ್ ಓಡಿದರೆ, 100ರದರಲ್ಲಿ 73 ಮೀಟರ್ ಸಾಕು. ಮೊಣಕಾಲು ಅಷ್ಟು ಮೇಲೆ ಏಳುವುದಿಲ್ಲ, ಸೊಂಟ ಅಲುಗುವುದಿಲ್ಲ, ಸವಾರಿ ನುಣುಪಾಗುತ್ತದೆ. ಗಿಡ್ಡ ಕ್ರ್ಯಾಂಕು ವೇಗ ಕೊಡುವುದು ಹೀಗೆ. ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮಗಳು 24 ಇಂಚು ಗಾಲಿಯ ಟ್ರ್ಯಾಕ್ ಓಟಕ್ಕೆ ಕ್ರ್ಯಾಂಕು 125 ಮಿ.ಮೀ.ಗಿಂತ ಕಡಿಮೆ ಇರಕೂಡದು ಎಂದು ಕಟ್ಟು ಹಾಕಿರುವುದರಿಂದಲೇ ಇದರ ಲಾಭ ಎಷ್ಟೆಂದು ತಿಳಿಯುತ್ತದೆ.

ಇನ್ನು ಏರು. ಸವಾರ ಮತ್ತು ಗಾಡಿ ಸೇರಿ 70 ಕಿಲೋ ಎನ್ನೋಣ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಭೂಮಿ ಹಿಂದಕ್ಕೆ ಎಳೆಯುವ ಬಲ ಮೂರೂವರೆ ಕಿಲೋ ತೂಕದಷ್ಟು. ಅದನ್ನು ತೋಳಿನ ಪಾಲಿನಿಂದ ಭಾಗಿಸಿದರೆ ಪೆಡಲ್ ಮೇಲಿನ ಸರಾಸರಿ ಒತ್ತಡ ಸಿಗುತ್ತದೆ: 150ರಲ್ಲಿ ಹತ್ತೂವರೆ ಕಿಲೋ, 100ರಲ್ಲಿ ಹದಿನಾರು. ಪೆಡಲ್ ನೆತ್ತಿಯಲ್ಲೂ ತಳದಲ್ಲೂ ಇರುವಾಗ ಎಷ್ಟು ಒತ್ತಿದರೂ ಗಾಲಿ ತಿರುಗದು. ಆದ್ದರಿಂದ ನಡುಹಂತದಲ್ಲಿ ಒತ್ತಡ ಸರಾಸರಿಯ ಒಂದೂವರೆ ಪಟ್ಟಿಗೂ ಮಿಗಿಲಾಗಬೇಕು. ಏರು ಇಮ್ಮಡಿಯಾದರೆ 100ರ ಕ್ರ್ಯಾಂಕಿಗೆ ಸುಮಾರು 50 ಕಿಲೋ ಬೇಕಾಗುತ್ತದೆ. ಸವಾರನ ತೂಕವೇ ಅರವತ್ತರ ಆಸುಪಾಸು! ಸೀಟಿನ ಮುಂದಿರುವ ಹಿಡಿಯನ್ನು ಕೈಯಲ್ಲಿ ಮೇಲಕ್ಕೆ ಜಗ್ಗಿ, ಆ ಜಗ್ಗಿದ ಬಲವನ್ನೂ ಕಾಲಿಗೆ ಇಳಿಸಿದರೇನೇ ಏರು ಹತ್ತಲಾಗುವುದು.

ಇಲ್ಲಿ ಒಂದು ಸೋಜಿಗವಿದೆ. ನಮ್ಮ ಹಳ್ಳಿಯ ಸೈಕಲ್ಲಿನ ಲೆಕ್ಕ ಹಾಕಿ ನೋಡಿ. ಚೈನ್‌ವೀಲಿಗೆ 44 ಹಲ್ಲು, ಫ್ರೀವೀಲಿಗೆ 18 ಎಂದಿಟ್ಟುಕೊಂಡರೆ ಪೆಡಲ್ಲಿನ ಒಂದು ಸುತ್ತಿಗೆ ಗಾಡಿ ಸುಮಾರು ಐದೂವರೆ ಮೀಟರ್ ಹೋಗುತ್ತದೆ. 170 ಮಿ.ಮೀ. ಕ್ರ್ಯಾಂಕಿನಲ್ಲಿ ಪಾದ ಓಡುವುದು ಒಂದು ಮೀಟರಿಗಿಂತ ತುಸು ಹೆಚ್ಚು. ಪಾಲು 0.2. ಅಂದರೆ ಮೆಕ್ಕೆಜೋಳದ ಚೀಲ ಹೇರಿಕೊಂಡು ಹೋಗುವ ಸೈಕಲ್ಲು ಗಿಡ್ಡ ಕ್ರ್ಯಾಂಕಿನ ಒಂಟಿಗಾಲಿಗಿಂತಲೂ ಭಾರ! ಹಾಗಾದರೆ ಆ ಸೈಕಲ್ಲಿಗೆ ಸಾಕಾಗುವ 0.2 ಒಂಟಿಗಾಲಿಗೆ ಏಕೆ ಸಾಲದು?

ಉತ್ತರ ಅಂಗೈ ಮೇಲೆ ಕೋಲು ನಿಲ್ಲಿಸುವ ಆಟದಲ್ಲಿದೆ. ಕೋಲು ವಾಲಿದ ಕಡೆಗೆ ಅಂಗೈ ಓಡಬೇಕು. ಒಂಟಿಗಾಲಿಯ ಮೇಲೆ ಕೂತವನೇ ಆ ಕೋಲು, ಕೆಳಗಿನ ಗಾಲಿಯೇ ಅಂಗೈ. ಮುಂದೆ ವಾಲಿದರೆ ಗಾಲಿಯನ್ನು ಮುಂದೆ ನೂಕಬೇಕು, ಹಿಂದೆ ವಾಲಿದರೆ ಪೆಡಲ್ಲನ್ನು ಹಿಮ್ಮುಖ ಒತ್ತಿ ತಡೆಯಬೇಕು, ಅದೂ ಪ್ರತಿ ಕ್ಷಣ. ಉದ್ದ ಕೋಲು ನಿಧಾನ ಬೀಳುವಂತೆ ಎತ್ತರದ ಗಾಲಿಯೂ ತುಸು ಹೊತ್ತು ಕೊಡುತ್ತದೆ ನಿಜ. ಆದರೆ ದೊಡ್ಡ ರಿಮ್ಮು, ದೊಡ್ಡ ಟೈರು ಬೇಗ ಮಾತು ಕೇಳುವುದಿಲ್ಲ. ಹಾಗಾಗಿ ಮುಂದೆ ಸಾಗಲು ಬೇಕಾದ ಬಲದ ಮೇಲೆ ಸಮತೋಲಕ್ಕೆಂದೇ ಇನ್ನಷ್ಟು ಬಲ ಸದಾ ಉಳಿಕೆ ಇರಬೇಕು. ಕ್ರ್ಯಾಂಕು ಆರಿಸುವುದೆಂದರೆ ಈ ಉಳಿಕೆ ಎಷ್ಟಿರಬೇಕೆಂದು ನಿರ್ಧರಿಸುವುದು. ಸವಾರನ ಎತ್ತರ ನೋಡಿ ಮಾತ್ರ ಕ್ರ್ಯಾಂಕು ಕೊಳ್ಳುವುದು ತಪ್ಪು ಎಂದು ನನಗೆ ಅನಿಸುವುದು ಇದಕ್ಕೇ. ಎತ್ತರಕ್ಕಿಂತ ಮೊದಲು ರಸ್ತೆಯನ್ನು ಕೇಳಬೇಕು.

ಕೇಳಲು ದಾವಣಗೆರೆ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕೇ? ಜಗಳೂರು ಬಯಲುಸೀಮೆ. ಊರು ಬಿಟ್ಟರೆ ಮೆಕ್ಕೆಜೋಳ, ಶೇಂಗಾದ ಹೊಲಗಳ ನಡುವೆ ಕಣ್ಣು ಹೋದಷ್ಟು ದೂರ ಚಾಚಿದ ರಸ್ತೆ. ಪಳಗಿದ ಕಾಲಿಗೆ ಅಲ್ಲಿ 110 ಮಿ.ಮೀ. ಸಾಕು. ಎದುರುಗಾಳಿ ಎದ್ದರೆ ಮಾತ್ರ ಅದೂ ಒಂದು ಏರೇ. ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಗದ್ದೆಬಯಲಿನ ಸಮತಟ್ಟು ಇದ್ದರೂ ಟ್ರ್ಯಾಕ್ಟರು, ಎಮ್ಮೆ, ಊರೂರಿಗೆ ರೋಡ್ ಹಂಪು. ನಿಂತು ಹೊರಡುವುದೇ ಹೆಚ್ಚು, 125ರ ಸುತ್ತಮುತ್ತ ಒಳ್ಳೆಯದು. ಚನ್ನಗಿರಿಯ ಅಡಿಕೆ ತೋಟಗಳ ನಡುವಿನ ದಾರಿಯಲ್ಲಿ, ಗುಡ್ಡಗಳ ನಡುವೆ ಕಟ್ಟಿದ ಸೂಳೆಕೆರೆಯ ಆಸುಪಾಸಿನಲ್ಲಿ, ರಸ್ತೆ ಏಳುತ್ತ ಇಳಿಯುತ್ತ ಸಾಗುತ್ತದೆ. ಅಲ್ಲಿ 137, 150ರ ಮಾತು. ಇಳಿಜಾರನ್ನು ಮರೆಯಬಾರದು: ಫ್ರೀವೀಲ್ ಇಲ್ಲದ್ದರಿಂದ ಕಾಲಿಗೆ ಬಿಡುವಿಲ್ಲ, ಗಾಲಿಯ ಓಟವನ್ನು ಕಾಲೇ ತಡೆಯಬೇಕು, ಗಿಡ್ಡ ಕ್ರ್ಯಾಂಕಿಗೆ ಆ ತಡೆಯುವ ಶಕ್ತಿ ಕಡಿಮೆ. ದೊಡ್ಡ ಗಾಲಿಗೆ ಬ್ರೇಕು ಹಾಕಿಸಿಕೊಳ್ಳುವುದು ಪ್ರಾಣಕ್ಕೆ ಒಳ್ಳೆಯದು. ಹೊಸದಾಗಿ ಕಲಿಯುವವರಿಗೆ ಎಲ್ಲ ಊರಿನಲ್ಲೂ 150ರಿಂದಲೇ ಆರಂಭ.

ಅಳತೆ ತೆಗೆಯುವಾಗ ತುದಿಯಿಂದ ತುದಿಗೆ ಟೇಪು ಹಿಡಿಯಬೇಡಿ. ಅಚ್ಚಿನ ನಡುವಿನಿಂದ ಪೆಡಲ್ ತೂತಿನ ನಡುವಿಗೆ ಅಳೆಯಬೇಕು. ಕ್ರ್ಯಾಂಕು 25 ಮಿ.ಮೀ. ಗಿಡ್ಡವಾದರೆ ಸೀಟನ್ನು ಅಷ್ಟೇ ಏರಿಸಬೇಕು. ಆಗ ಪೆಡಲ್ ತಳದಲ್ಲಿರುವಾಗ ಕಾಲಿನ ಚಾಚು ಮೊದಲಿನಷ್ಟೇ ಇರುತ್ತದೆ, ನೆತ್ತಿಯಲ್ಲಿರುವಾಗ ಸೀಟಿಗೂ ಪೆಡಲ್ಲಿಗೂ 50 ಮಿ.ಮೀ. ಹೆಚ್ಚು ಜಾಗ ಸಿಗುತ್ತದೆ. ಮೊಣಕಾಲು ನೋವಿನವರಿಗೆ ಇದು ದೊಡ್ಡ ಆಸರೆ.

ಒಂದೇ ಕ್ರ್ಯಾಂಕಿನಲ್ಲಿ 127 ಮತ್ತು 150ಕ್ಕೆ ಎರಡು ತೂತು ಕೊರೆದವೂ ಸಿಗುತ್ತವೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯ ಕಡೆ ಹೊರಟವರು ಬಯಲಿನುದ್ದಕ್ಕೂ ಒಳತೂತಿನಲ್ಲಿ ತುಳಿದು ಬರಬಹುದು. ಬೆಳಗುತ್ತಿಯಲ್ಲಿ ತೀರ್ಥರಾಮೇಶ್ವರದ ಗುಡ್ಡ ಎದುರು ಕಂಡಾಗ ಇಳಿದು, ಪಾನಾ ತೆಗೆದು, ಪೆಡಲ್ಲುಗಳನ್ನು ಹೊರತೂತಿಗೆ ಬದಲಿಸಬೇಕು. ಎಡಗಡೆಯದು ಉಲ್ಟಾ ತ್ರೆಡ್ಡು, ನೆನಪಿರಲಿ. ಸೀಟನ್ನು 23 ಮಿ.ಮೀ. ಇಳಿಸಿ, ಕಂಬವನ್ನೋ ಮರವನ್ನೋ ಹಿಡಿದು ಹತ್ತಿ, ಏರು ಶುರುಮಾಡಬಹುದು.