ವಿಶ್ವವಿದ್ಯಾಲಯಗಳ ಹ್ರಸ್ವನಾಮಗಳು

ವಿಶ್ವವಿದ್ಯಾಲಯಗಳ ಉದ್ದನೆಯ ಹೆಸರುಗಳನ್ನು ಮೊಟಕುಗೊಳಿಸಿ ಬಳಸುವುದು ರೂಢಿ. ಇಂಥ ಹ್ರಸ್ವನಾಮಗಳಲ್ಲಿ ಎರಡು ಬಗೆ. ವಿಟಿಯು, ಐಐಎಸ್‌ಸಿ ಮೊದಲಾದವನ್ನು ಅಕ್ಷರ ಅಕ್ಷರವಾಗಿ ಉಚ್ಚರಿಸುತ್ತೇವೆ. ನಿಮ್ಹಾನ್ಸ್ ಎಂಬುದನ್ನಾದರೋ ಒಂದೇ ಪದದಂತೆ ಓದುತ್ತೇವೆ.

ಕನ್ನಡದ ಹ್ರಸ್ವನಾಮಗಳು ಸಾಮಾನ್ಯವಾಗಿ ಎರಡನೆಯ ಬಗೆಯವು. ನಮ್ಮ ಅಕ್ಷರದಲ್ಲಿ ವ್ಯಂಜನದೊಡನೆ ಸ್ವರವೂ ಸೇರಿರುವುದೇ ಇದಕ್ಕೆ ಕಾರಣ. ಆದ್ಯಕ್ಷರಗಳನ್ನು ಜೋಡಿಸಿದೊಡನೆ ಉಚ್ಚರಿಸಬಲ್ಲ ಪದ ದೊರೆಯುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 'ಕರಾಮುವಿ' ಆದದ್ದು ಹೀಗೆ.

ಇದರಿಂದ ಇನ್ನೊಂದು ಅನುಕೂಲವೂ ಉಂಟು. ಮದರಾಸು (1857), ಮೈಸೂರು (1916), ಮಂಗಳೂರು (1980) ವಿಶ್ವವಿದ್ಯಾಲಯಗಳ ಊರಿನ ಹೆಸರು ಇಂಗ್ಲಿಷಿನಲ್ಲಿ 'ಎಂ' ಅಕ್ಷರದಿಂದಲೇ ಆರಂಭವಾಗುತ್ತದೆ. ಕನ್ನಡದಲ್ಲಿ ಮ, ಮೈ, ಮಂ ಎಂದು ಬೇರೆಬೇರೆಯಾಗಿಯೇ ಉಳಿಯುತ್ತವೆ.

ಆದರೆ ಇಂಗ್ಲಿಷ್ ಹ್ರಸ್ವನಾಮವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಈ ಅನುಕೂಲ ಇಲ್ಲವಾಗುತ್ತದೆ. 'ಎಂಐಟಿ' ಎಂದರೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ (1861) ಆಗಬಹುದು. ಚೆನ್ನೈನ ಮದರಾಸು ತಂತ್ರಜ್ಞಾನ ಸಂಸ್ಥೆ (1949) ಅಥವಾ ಮಣಿಪಾಲದ ಸಂಸ್ಥೆ (1957) ಕೂಡ ಆಗಬಹುದು. ಅಬ್ದುಲ್ ಕಲಾಂ ಓದಿದ್ದು ಚೆನ್ನೈನ ಎಂಐಟಿಯಲ್ಲಿ. ಬರೀ 'ಎಂಐಟಿ' ಎಂದು ಓದಿದ ವಿದ್ಯಾರ್ಥಿ ಅವರು ಅಮೆರಿಕದಲ್ಲಿ ಕಲಿತರೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಸಂಶೋಧನಾ ಲೇಖನಗಳಲ್ಲಿ ಈ ಗೊಂದಲದ ಪರಿಣಾಮ ಇನ್ನೂ ಹೆಚ್ಚು. ಒಂದು ಸಂಸ್ಥೆಯಲ್ಲಿ ನಡೆದ ಕೆಲಸ ಇನ್ನೊಂದರ ಲೆಕ್ಕಕ್ಕೆ ಸೇರಿಹೋಗಬಹುದು. ಆದ್ದರಿಂದ ಮೊದಲ ಸಲ ಸಂಸ್ಥೆಯ ಪೂರ್ಣ ಹೆಸರನ್ನೂ ಊರನ್ನೂ ಬರೆದು, ಆವರಣದಲ್ಲಿ ಹ್ರಸ್ವನಾಮ ಕೊಡಬೇಕು. ಮುಂದೆ ಅದನ್ನಷ್ಟೇ ಬಳಸಬಹುದು. ಪ್ರಾಜೆಕ್ಟ್ ವರದಿ ಬರೆಸುವಾಗಲೇ ಶಿಕ್ಷಕರು ಈ ಅಭ್ಯಾಸ ಮಾಡಿಸುವುದು ಒಳ್ಳೆಯದು.