ಚಪ್ಪಾಳೆಯೂ ಸೇರಿದ ಹಾಡು

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ಕೇಳಿ ಬಂದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಮಾರ್ಗಶಿರದ ಚಳಿಯಲ್ಲಿ ಕಂಬಳಿ, ಶಾಲು ಹೊದ್ದು ಕುಳಿತ ಜನ ಸುಮ್ಮನೆ ಕೇಳುವುದಿಲ್ಲ. ಗಾಯಕರು ತಾನಿನ ಸುರುಳಿ ಬಿಚ್ಚುತ್ತ ಬಿಚ್ಚುತ್ತ ಸರಿಯಾಗಿ ಸಮಕ್ಕೆ ಬಂದು ಬಿದ್ದರೆಂದರೆ, ರಾಗದ ಹೆಸರು ಗೊತ್ತಿಲ್ಲದವರ ತಲೆಯೂ ತೂಗುತ್ತದೆ, ಯಾರೋ ‘ವಾಹ್’ ಅನ್ನುತ್ತಾರೆ. ಆ ಒಂದು ‘ವಾಹ್’ ಗಾಯಕರ ಕಿವಿಗೆ ಬೀಳುತ್ತದೆ. ಮುಂದಿನ ತಾನು ಬೇರೆಯೇ ಆಗುತ್ತದೆ.

ಇಂಥ ಸಂಗೀತವನ್ನು ರಾತ್ರಿ ಜಾಗರಣೆ ಮಾಡಿ ಕೇಳುವ ನಮ್ಮ ಭಾಗದ ಪಾಲಕರೇ ಶಾಲೆಯ ಸಭೆಗೆ ಬಂದಾಗ ದೂರು ಹೇಳುವುದುಂಟು. ‘ಸರ್, ನಮ್ ಹುಡುಗ ಕಿವಿಗೆ ವಾಯರ್ ಸಿಗಸಿಕೊಂಡು ಇಂಗ್ಲಿಷ್ ಗದ್ಲ ಕೇಳಕೋತ ಕೂಡ್ತಾನ್ರಿ. ಹಾಡಾದ್ರ ಹಾಡು ಅನಬೇಕು, ಅದರಾಗ ಜನ ಬ್ಯಾರೆ ಚೀರತಾರ!’ ಕೊಹಿನೂರಿನಂಥ ಊರಿನಲ್ಲೂ ಈಗ ಮೊಬೈಲಿನಲ್ಲಿ ಜಗತ್ತಿನ ಸಂಗೀತವೆಲ್ಲ ಸಿಗುತ್ತದೆ, ಹುಡುಗರು ಕೇಳುತ್ತಾರೆ. ಅದರಲ್ಲಿ ಕೇವಲ ಗದ್ದಲವೂ ಇದೆ, ಒಪ್ಪುತ್ತೇನೆ. ಆದರೆ ಜನ ಚೀರುವುದು ಕೇಳಿಸುವ ಆ ರಾಕ್ ಧ್ವನಿಮುದ್ರಿಕೆಗಳಿವೆಯಲ್ಲ, ಮಾಣಿಕನಗರದಲ್ಲಿ ಪಳಗಿದ ಕಿವಿಗೆ ಎಲ್ಲಕ್ಕಿಂತ ಬೇಗ ಒಲಿಯಬೇಕಾದವು ಅವೇ ಎಂಬುದು ನನ್ನ ಅನಿಸಿಕೆ. ಅಪ್ಪ ಹುಡುಕಿಕೊಂಡು ಹೋಗುವುದನ್ನೇ ಮಗನೂ ಹುಡುಕುತ್ತಿದ್ದಾನೆ, ದಾರಿ ಬೇರೆ ಅಷ್ಟೆ.

ವಿಜ್ಞಾನದ ವಿದ್ಯಾರ್ಥಿಗಳ ಬಳಿ ಎರಡು ಪುಸ್ತಕಗಳಿರುತ್ತವೆ. ಪ್ರಯೋಗ ಮಾಡುವಾಗಲೇ ಅಂಕಿಗಳನ್ನು ಗೀಚಿಕೊಳ್ಳುವ ರಫ್ ಪುಸ್ತಕ ಒಂದು. ಆಮೇಲೆ ಮನೆಯಲ್ಲಿ ಕುಳಿತು ಅಂದವಾಗಿ ಬರೆದು, ಗೆರೆ ಎಳೆದು, ಚಿತ್ರ ತೆಗೆದು ತರುವ ಫೇರ್ ರೆಕಾರ್ಡ್ ಇನ್ನೊಂದು. ಸ್ಟುಡಿಯೋದಲ್ಲಿ ತಯಾರಾಗುವ ಹಾಡು ಫೇರ್ ರೆಕಾರ್ಡ್ ಇದ್ದಂತೆ. ಗಿಟಾರನ್ನು ಒಂದು ದಿನ, ಕಂಠವನ್ನು ಇನ್ನೊಂದು ದಿನ ಮುದ್ರಿಸಬಹುದು. ತಪ್ಪಿದರೆ ಮತ್ತೆ ಹಾಡಿಸಬಹುದು. ಚೆನ್ನಾಗಿ ಬಂದ ತುಣುಕುಗಳನ್ನು ಜೋಡಿಸಬಹುದು. ಜನರ ಎದುರು ನುಡಿಸುವಾಗಲೇ ಮುದ್ರಿಸಿಕೊಂಡ ‘ಲೈವ್’ ಆಲ್ಬಂ ರಫ್ ಪುಸ್ತಕ. ಅದರಲ್ಲಿ ಕಾಟು ಹೊಡೆದದ್ದೂ ಇರುತ್ತದೆ, ಚಹಾದ ಕಲೆಯೂ ಇರುತ್ತದೆ. ಆದರೆ ಪ್ರಯೋಗ ನಿಜವಾಗಿ ನಡೆದದ್ದು ಅದೇ ಪುಟದ ಮೇಲೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಣವಾದ ಕಾಲದಿಂದ ದಶಕಗಟ್ಟಲೆ ಗ್ರಾಮಾಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರಂಥವರೂ ತಾಸುಗಟ್ಟಲೆ ಹಾಡುವ ರಾಗವನ್ನು ಆ ಮೂರು ನಿಮಿಷಕ್ಕೆ ಮಡಚಿ ಕೊಡಬೇಕಾಗಿತ್ತು. 1948ರಲ್ಲಿ ಎಲ್.ಪಿ. ತಟ್ಟೆ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿ ಜಾಗ ಸಿಕ್ಕಿತು. ಹಾಗಿದ್ದೂ ರಾಕ್ ಸಂಗೀತಗಾರರು ಬಹುಕಾಲ ರೇಡಿಯೊಗೆ ಒಪ್ಪುವ ಮೂರು ನಿಮಿಷದ ಚೌಕಟ್ಟಿನಲ್ಲೇ ಇದ್ದರು. ಅದನ್ನು ಒಡೆದದ್ದು ವೇದಿಕೆ.

ಮೊದಲು ಹೇಳಬೇಕಾದದ್ದು ‘ಲೈವ್ ಅಟ್ ಲೀಡ್ಸ್’. ಬ್ರಿಟನ್ನಿನ ‘ದ ಹೂ’ ತಂಡದವರು 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ ಕಛೇರಿ ಇದು. ನಡೆದ ಜಾಗ ಯಾವುದೋ ದೊಡ್ಡ ರಂಗಮಂದಿರವಲ್ಲ, ವಿದ್ಯಾರ್ಥಿಗಳು ಊಟ ಮಾಡುವ ಹಾಲ್! ಒಬ್ಬ ಗಾಯಕ, ಒಂದು ಗಿಟಾರ್, ಒಂದು ಬೇಸ್ ಗಿಟಾರ್, ಒಂದು ಜೊತೆ ಡ್ರಮ್, ಅಷ್ಟೇ. ಸ್ಟುಡಿಯೋದಲ್ಲಿ ಮೂರು ನಿಮಿಷವಿದ್ದ ‘ಮೈ ಜನರೇಶನ್’ ಹಾಡು ಇಲ್ಲಿ ಹದಿನೈದು ನಿಮಿಷದ ಹತ್ತಿರ ಹೋಗುತ್ತದೆ. ಆಲ್ಬಮ್ಮಿನ ಹೊದಿಕೆಯೂ ಬಣ್ಣದ ಚಿತ್ರವಿಲ್ಲದ ಬರಿಯ ಕಂದು ಕಾಗದದಂತಿತ್ತು, ಮೇಲೆ ಹೆಸರಿನ ಠಸ್ಸೆ. ತಟ್ಟೆಯಲ್ಲಿ ಚಿಟಪಟ ಸದ್ದು ಕೇಳಿದರೆ ಅದು ದೋಷವಲ್ಲ, ತಿದ್ದಬೇಡಿ ಎಂದು ಅದರ ಲೇಬಲ್ ಮೇಲೆಯೇ ಕೈಬರಹದಲ್ಲಿ ಬರೆದಿದ್ದರು. ರಫ್ ಪುಸ್ತಕವನ್ನೇ ಮಾಸ್ತರರ ಮುಂದೆ ಧೈರ್ಯವಾಗಿ ಇಟ್ಟ ಹಾಗೆ.

ಈ ಆಲ್ಬಮ್ಮಿನ ಗಿಟಾರ್ ಕೇಳಿದ ಪಾಲಕರು ‘ಸ್ಪೀಕರ್ ಒಡದದ ಏನು?’ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸಂಕೇತ ಕೊಟ್ಟರೆ ಧ್ವನಿ ತರಂಗದ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಹಾಗೆ ಚಪ್ಪಟೆಯಾದ ತರಂಗದಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಹಲವು ಪಟ್ಟಿನ ಹೊಸ ಆವೃತ್ತಿಗಳು ಹುಟ್ಟಿಕೊಳ್ಳುತ್ತವೆ. ಜಾತ್ರೆಯ ಮೈಕಿನಲ್ಲಿ ಇದು ಕಿರಿಕಿರಿ. ಕೈಯಳತೆ ಬಲ್ಲ ಗಿಟಾರ್ ವಾದಕನಿಗೆ ಇದೇ ಬಣ್ಣ. ನಮ್ಮ ತಂಬೂರಿಯಲ್ಲೂ ಕುದುರೆಯ ಮೇಲೆ ತಂತಿಯಡಿ ದಾರದ ಎಳೆ ಸಿಕ್ಕಿಸಿ ಝೇಂಕಾರ ಬರಿಸುವುದಿಲ್ಲವೆ? ವಿಧಾನ ಬೇರೆ, ಆಸೆ ಒಂದೇ: ಒಂದು ಸ್ವರದೊಳಗಿಂದ ಹತ್ತು ಸ್ವರ ಹೊರಡಿಸುವುದು.

ಊಟದ ಹಾಲಿನಲ್ಲಿ ಆ ಸದ್ದು ಅಷ್ಟು ಬಿಗಿಯಾಗಿ ಕೇಳುವುದಕ್ಕೆ ಅಲ್ಲಿ ತುಂಬಿದ್ದ ಜನರೂ ಕಾರಣ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತೇ ಅರ್ಥವಾಗದಷ್ಟು ಮೊಳಗುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಅವರು ಬೇರೊಂದು ಸಭಾಂಗಣದಿಂದ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು, ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆದರು. ದಿಂಬು ಹೆಚ್ಚಿದಂತೆ ಮೊಳಗು ಕಡಿಮೆಯಾಯಿತು. ಮನುಷ್ಯರ ಮೈ, ಬಟ್ಟೆಗಳೂ ದಿಂಬಿನಂತೆ ಧ್ವನಿಯನ್ನು ಹೀರುತ್ತವೆ ಎಂಬುದನ್ನೂ ಅಳೆದು ತೋರಿಸಿದರು. ಅಂದರೆ ಸಭಿಕರು ಕೇಳುವವರಷ್ಟೇ ಅಲ್ಲ, ವಾದ್ಯದ ಒಂದು ಭಾಗ. ವಿದ್ಯಾರ್ಥಿಗಳು ಇದನ್ನು ನಾಳೆಯೇ ಪರೀಕ್ಷಿಸಬಹುದು. ಖಾಲಿ ತರಗತಿಯಲ್ಲಿ ಒಮ್ಮೆ, ಎಲ್ಲರೂ ಬಂದು ಕುಳಿತ ಮೇಲೆ ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆದು ನೋಡಿ.

ನನ್ನ ಅಚ್ಚುಮೆಚ್ಚಿನದು ‘ಡೀಪ್ ಪರ್ಪಲ್’ ತಂಡದ ‘ಮೇಡ್ ಇನ್ ಜಪಾನ್’. ಗುಲಬರ್ಗಾದಲ್ಲಿ ಬಿ.ಎಸ್‌ಸಿ. ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಇದನ್ನು ಮೊದಲು ಕೇಳಿದ್ದು. ಪ್ರತಿಯ ಪ್ರತಿಯಾಗಿದ್ದ ಅದರಲ್ಲಿ ಅರ್ಧ ಬರೀ ಸುಯ್ಯೆನ್ನುವ ಸದ್ದು. ಆದರೂ ಬಿಡಲಾಗಲಿಲ್ಲ. 1972ರ ಆಗಸ್ಟ್ 15, 16ರಂದು ಒಸಾಕಾದಲ್ಲಿ, 17ರಂದು ಟೋಕಿಯೊದಲ್ಲಿ ನಡೆದ ಮೂರು ಕಛೇರಿಗಳಿಂದ ಆರಿಸಿದ ಏಳು ಹಾಡುಗಳು ಎರಡು ತಟ್ಟೆಗಳನ್ನು ತುಂಬಿವೆ. ಮುದ್ರಿಸಿದವರು ಮಾರ್ಟಿನ್ ಬರ್ಚ್, ಎಂಟು ಟ್ರ್ಯಾಕಿನ ಟೇಪಿನ ಮೇಲೆ. ಇದರಲ್ಲಿ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಎಂಬ ಹಾಡಿನ ಮಧ್ಯೆ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಒಂದು ತುಣುಕು ನುಡಿಸುತ್ತಾರೆ, ಗಾಯಕ ಇಯಾನ್ ಗಿಲನ್ ಅದನ್ನೇ ಕಂಠದಲ್ಲಿ ಹಿಂದಿರುಗಿಸುತ್ತಾರೆ. ಗಿಟಾರ್ ಇನ್ನಷ್ಟು ಮೇಲೇರುತ್ತದೆ, ಕಂಠವೂ ಬೆನ್ನು ಹತ್ತುತ್ತದೆ. ಇದನ್ನು ಏನೆನ್ನಬೇಕು? ನಾವು ಸವಾಲ್-ಜವಾಬ್ ಎನ್ನುತ್ತೇವೆ. ಮಗನ ಜೊತೆ ಕುಳಿತು ಒಂದೇ ಒಂದು ರಾಕ್ ಹಾಡು ಕೇಳುವೆನೆಂಬ ತಂದೆಗೆ ನಾನು ಹೇಳುವುದು ಇದನ್ನೇ. ಕೊನೆಯ ‘ಸ್ಪೇಸ್ ಟ್ರಕಿನ್’ ಸ್ಟುಡಿಯೋದಲ್ಲಿ ಐದು ನಿಮಿಷಕ್ಕೂ ಕಡಿಮೆ; ಇಲ್ಲಿ ಇಪ್ಪತ್ತು ನಿಮಿಷದ ಹತ್ತಿರ, ತಟ್ಟೆಯ ಇಡೀ ಒಂದು ಬದಿ. ಅಷ್ಟುದ್ದ ಬೇಕಿತ್ತೇ ಎಂದರೆ, ನನಗೂ ಮಧ್ಯದಲ್ಲಿ ತುಸು ಬೇಸರವಾಗುತ್ತದೆ.

ನಮ್ಮ ಸಂಗೀತವೂ ರಾಕ್ ಸಂಗೀತವೂ ಒಂದೇ ವೇದಿಕೆಯಲ್ಲಿ ಮುದ್ರಣಗೊಂಡದ್ದು ‘ಕನ್ಸರ್ಟ್ ಫಾರ್ ಬಾಂಗ್ಲಾದೇಶ್’ನಲ್ಲಿ. ಪೂರ್ವ ಬಂಗಾಳದ ನಿರಾಶ್ರಿತರ ನೆರವಿಗಾಗಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎರಡು ಕಛೇರಿ ನಡೆಸಿದರು. ಮೊದಲಿಗೆ ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲಾ. ಅವರು ವಾದ್ಯಗಳ ಶ್ರುತಿ ಮಾಡಿಕೊಂಡು ನಿಲ್ಲಿಸಿದಾಗ ಸಭಿಕರು ಒಂದು ಕೃತಿಯೇ ಮುಗಿಯಿತೆಂದು ಚಪ್ಪಾಳೆ ತಟ್ಟಿಬಿಟ್ಟರು! ಶ್ರುತಿ ಮಾಡಿದ್ದನ್ನೇ ಇಷ್ಟು ಮೆಚ್ಚಿದ ನೀವು ನುಡಿಸುವುದನ್ನು ಇನ್ನೂ ಮೆಚ್ಚುವಿರೆಂದು ಆಶಿಸುತ್ತೇನೆ ಎಂಬ ಅರ್ಥದ ಮಾತನ್ನು ರವಿಶಂಕರ್ ನಗುತ್ತ ಹೇಳಿದರು. ಆಲ್ಬಂ ಮಾಡಿದವರು ಆ ಚಪ್ಪಾಳೆಯನ್ನೂ ಆ ಮಾತನ್ನೂ ಕತ್ತರಿಸಲಿಲ್ಲ. ಅಂದಿನ ಆ ಸಭೆಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ, ಆದರೂ ಎಷ್ಟು ಪ್ರೀತಿಯಿತ್ತು ಎಂಬುದೆಲ್ಲ ಆ ಕೆಲವು ಕ್ಷಣಗಳಲ್ಲಿದೆ.

ಎಲ್ಲ ಲೈವ್ ಆಲ್ಬಂಗಳೂ ಇಷ್ಟು ಪ್ರಾಮಾಣಿಕವಲ್ಲ. ಜಾನಿ ಕ್ಯಾಶ್ 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಸೆರೆಮನೆಯಲ್ಲಿ ಕೈದಿಗಳೆದುರು ಹಾಡಿದ ಆಲ್ಬಂ ಪ್ರಸಿದ್ಧವಾದದ್ದು. ಕಟ್ಟುನಿಟ್ಟಾಗಿ ಹೇಳಿದರೆ ಅದು ರಾಕ್ ಅಲ್ಲ, ಅಮೆರಿಕದ ಹಳ್ಳಿಗಾಡಿನ ಶೈಲಿ. ಅದರ ಮೊದಲ ಹಾಡಿನಲ್ಲಿ ಕೊಲೆಯ ಪ್ರಸ್ತಾಪ ಬಂದ ಕೂಡಲೇ ಒಬ್ಬ ಕೈದಿ ಉತ್ಸಾಹದಿಂದ ಕೂಗುವುದು ಕೇಳಿಸುತ್ತದೆ, ಮೈ ಜುಮ್ಮೆನ್ನುತ್ತದೆ. ಆ ಕೂಗನ್ನು ಆಮೇಲೆ ಸ್ಟುಡಿಯೋದಲ್ಲಿ ಅಲ್ಲಿಗೆ ತಂದು ಅಂಟಿಸಲಾಗಿತ್ತು! ಕಾವಲುಗಾರರ ಎದುರಿಗೆ ಕುಳಿತ ಕೈದಿಗಳು ಅಂಥ ಮಾತಿಗೆ ಹರ್ಷ ತೋರಿಸಲು ಹಿಂಜರಿದಿದ್ದರು. ‘ಥಿನ್ ಲಿಝಿ’ ತಂಡದ 1978ರ ‘ಲೈವ್ ಅಂಡ್ ಡೇಂಜರಸ್’ನಲ್ಲಿ ಎಷ್ಟು ಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ಎಂಬ ಬಗ್ಗೆ ನಿರ್ಮಾಪಕರಿಗೂ ತಂಡದವರಿಗೂ ಒಮ್ಮತವೇ ಇರಲಿಲ್ಲ. ತಪ್ಪಿದ ಒಂದು ಸ್ವರ ತಿದ್ದಿಕೊಂಡರೆ ನನ್ನ ತಕರಾರಿಲ್ಲ. ಆದರೆ ಸಭಿಕರು ಮಾಡದ ಸದ್ದನ್ನು ಸಭಿಕರ ಹೆಸರಿಗೆ ಬರೆಯುವುದು, ಪ್ರಯೋಗ ಮಾಡದೆ ಪಕ್ಕದವನ ರೀಡಿಂಗ್ ಇಳಿಸಿಕೊಂಡಂತೆ. ಕ್ಯಾಶ್ ಹಾಡಿದ್ದೇ ಸಾಕಿತ್ತು.

ಇಂಥ ಕಛೇರಿಗಳು ನಮ್ಮ ರಾಜ್ಯಕ್ಕೂ ಬಂದಿವೆ. 2003ರಲ್ಲಿ ‘ರೋಲಿಂಗ್ ಸ್ಟೋನ್ಸ್’, 2007ರ ಮಾರ್ಚಿನಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿ, ಭಾವಗೀತೆಗೂ ಮೈದಾನ ತುಂಬುವ ಶಕ್ತಿಯಿದೆ ಎಂದು ತೋರಿಸಿದ್ದನ್ನು ಕನ್ನಡಿಗರು ಮರೆತಿಲ್ಲ. ರಘು ದೀಕ್ಷಿತ್ ಅವರಂತೂ ಶಿಶುನಾಳ ಶರೀಫರ ಪದಗಳನ್ನೇ ಗಿಟಾರಿನ ಜೊತೆ ವಿದೇಶದ ವೇದಿಕೆಗಳಿಗೆ ಒಯ್ದರು. ಮೈದಾನದ ಧ್ವನಿಮುದ್ರಣದಲ್ಲಿ ಒಂದು ಸೂಕ್ಷ್ಮವಿದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇದಿಕೆಯ ಸ್ಪೀಕರಿನಿಂದ 170 ಮೀಟರ್ ಹಿಂದೆ ನಿಂತವರಿಗೆ ತಾಳ ಅರ್ಧ ಸೆಕೆಂಡ್ ತಡವಾಗಿ ತಲುಪುತ್ತದೆ. ಅವರು ಹೊಡೆದ ಚಪ್ಪಾಳೆ ವೇದಿಕೆಗೆ ಮರಳಲು ಇನ್ನರ್ಧ ಸೆಕೆಂಡ್. ಹೀಗಾಗಿ ದೊಡ್ಡ ಮೈದಾನದ ಚಪ್ಪಾಳೆ ಒಮ್ಮೆಗೇ ಬೀಳದೆ ಅಲೆಯಂತೆ ಉರುಳಿ ಬರುತ್ತದೆ. ಕಣ್ಣು ಮುಚ್ಚಿ ಕೇಳಿದರೆ, ಕಛೇರಿ ನಡೆದದ್ದು ಹಾಲಿನಲ್ಲೋ ಬಯಲಿನಲ್ಲೋ ಎಂದು ಹೇಳಬಹುದು.

ಪಾಲಕರ ಆತಂಕದಲ್ಲಿ ನಾನು ಪೂರ್ತಿ ಒಪ್ಪುವ ಅಂಶವೊಂದಿದೆ, ಅದು ಕಿವಿಯದು. ‘ದ ಹೂ’ ತಂಡದ 1976ರ ಲಂಡನ್ ಕಛೇರಿಯೊಂದರಲ್ಲಿ ಸ್ಪೀಕರಿನಿಂದ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ದಾಖಲಾಗಿ ಗಿನ್ನೆಸ್ ಪುಸ್ತಕ ಸೇರಿತ್ತು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಮುಂದೆ ಶ್ರವಣದೋಷದಿಂದ ಬಳಲಿದ್ದೂ ಅಷ್ಟೇ ನಿಜ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಈ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್ಲಿಗೆ ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ಒಳಕಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಹಾಡನ್ನು ನಿಲ್ಲಿಸಬೇಡಿ, ದನಿ ತಗ್ಗಿಸಿ. ಸಾಧ್ಯವಾದರೆ ವಾಯರ್ ಕಿತ್ತು ಮನೆಮಂದಿಗೆಲ್ಲ ಕೇಳುವಂತೆ ಇಡಿ.

ಹಾಗೆ ಎಲ್ಲರೂ ಕೂಡಿ, ಊಟ ಮುಗಿಸಿ, ನಿಧಾನವಾಗಿ ಕೇಳಬಹುದಾದದ್ದು ‘ಆಲ್‌ಮನ್ ಬ್ರದರ್ಸ್’ ತಂಡದ ‘ಅಟ್ ಫಿಲ್‌ಮೋರ್ ಈಸ್ಟ್’. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣವಾದದ್ದು. ಇದರ ನಿರ್ಮಾಪಕ ಟಾಮ್ ಡೌಡ್ ತರುಣನಿದ್ದಾಗ ಅಣುಬಾಂಬು ತಯಾರಿಕೆಯ ಮ್ಯಾನ್‌ಹಟನ್ ಯೋಜನೆಯಲ್ಲಿ ದುಡಿದವರು. ಆ ಕಾರಣಕ್ಕೂ ನನಗೆ ಈ ಆಲ್ಬಮ್ಮಿನ ಮೇಲೆ ವಿಶೇಷ ಮಮತೆ. ಇಲ್ಲಿ ಇಬ್ಬರು ಗಿಟಾರ್ ವಾದಕರು ಒಬ್ಬರ ಮಾತನ್ನು ಇನ್ನೊಬ್ಬರು ಕಸಿಯುವುದಿಲ್ಲ, ಮುಗಿಯುವವರೆಗೆ ಕಾಯುತ್ತಾರೆ. ಅವರಲ್ಲಿ ಒಬ್ಬರಾದ ಡ್ವೇನ್ ಆಲ್‌ಮನ್ ಅದೇ ವರ್ಷ ಅಕ್ಟೋಬರ್ 29ರಂದು ಮೋಟರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 24. ಕೊನೆಯ ಹಾಡು ‘ವಿಪಿಂಗ್ ಪೋಸ್ಟ್’ ಇಪ್ಪತ್ತಮೂರು ನಿಮಿಷದ್ದು. ಅದು ಮುಗಿಯಿತೆಂದು ಜನ ಕೂಗುತ್ತಿರುವಾಗಲೇ ಹಿಂದಿನಿಂದ ನಗಾರಿಯಂಥ ಸದ್ದು ಏಳುತ್ತದೆ, ಇನ್ನೊಂದು ರಾಗ ಮೊಳೆಯತೊಡಗುತ್ತದೆ. ಅಷ್ಟರಲ್ಲಿ ತಟ್ಟೆಯ ಜಾಗ ಮುಗಿದು ಧ್ವನಿ ಕರಗಿಹೋಗುತ್ತದೆ. ಆ ಮುಂದಿನ ಭಾಗ ಬೇಕೆನ್ನುವವರು ಅವರ 1972ರ ‘ಈಟ್ ಎ ಪೀಚ್’ ಹುಡುಕಬೇಕು. ಅಲ್ಲಿ ಅದು ‘ಮೌಂಟನ್ ಜ್ಯಾಮ್’ ಎಂಬ ಹೆಸರಿನಲ್ಲಿ, ತಟ್ಟೆಯ ಎರಡು ಬದಿಗಳಿಗೆ ಹರಿದು, ಮೂವತ್ತಮೂರು ನಿಮಿಷ ನಡೆಯುತ್ತದೆ.